ಸತ್ತ ದೊರೆಗೆ ತೋಪು, ಕಲ್ಲು ಕಡಿದವನಿಗೆ ಬಾಕಿ

2021ರ ಏಪ್ರಿಲ್ 3ರ ಸಂಜೆ ಈಜಿಪ್ಟಿನ ರಾಜಧಾನಿ ಕೈರೋದಲ್ಲಿ ಹೆಣಗಳ ಮೆರವಣಿಗೆ ನಡೆಯಿತು. ಸತ್ತು ಮೂರು ಸಾವಿರ ವರ್ಷ ದಾಟಿದ 18 ರಾಜರು, 4 ರಾಣಿಯರ ಒಣಗಿದ ದೇಹಗಳನ್ನು ಹಳೆಯ ವಸ್ತುಸಂಗ್ರಹಾಲಯದಿಂದ ಹೊಸದಕ್ಕೆ ಸಾಗಿಸಿದರು. ಹೆಣಕ್ಕೊಂದು ಅಲಂಕಾರದ ಬಂಡಿ. ಜೊತೆಗೆ ವಾದ್ಯ, ಕುದುರೆ, ದಾರಿಯುದ್ದಕ್ಕೂ ದೀಪ. ಹೆಣಗಳು ಬಂದು ತಲುಪಿದಾಗ 21 ಕುಶಾಲತೋಪು ಹಾರಿದವು. ದೇಶದ ಅಧ್ಯಕ್ಷರೇ ನಿಂತು ಬರಮಾಡಿಕೊಂಡರು. ಜಗತ್ತು ಟಿವಿ ಮುಂದೆ ಕೂತು, ಆಹಾ ಎಂಥಾ ನಾಗರಿಕತೆ, ಎಂಥಾ ಸಂಸ್ಕೃತಿ ಅಂತ ಬಾಯಿ ಬಿಟ್ಟುಕೊಂಡು ನೋಡಿತು.

ಆ 22 ಹೆಣಗಳಲ್ಲಿ ಒಂದು ಮೂರನೇ ರಾಮ್ಸೆಸ್ ಎಂಬ ದೊರೆಯದು. ಸುಮಾರು ಕ್ರಿ.ಪೂ. 1157ರಲ್ಲಿ, ಇದೇ ದೊರೆ ಪಟ್ಟದಲ್ಲಿದ್ದಾಗ, ರಾಜಮನೆತನದ ಗೋರಿಗಳನ್ನು ಕಡಿಯುತ್ತಿದ್ದ ಕಲ್ಲುಕುಟಿಗರು ಕೂಲಿಕಾಳು ಬಾರದೆ, ಹೊಟ್ಟೆ ಬೆನ್ನಿಗೆ ಹತ್ತಿ, ಕೆಲಸ ನಿಲ್ಲಿಸಿ ಹೊರಗೆ ಬಂದರು. ಬರವಣಿಗೆಯಲ್ಲಿ ದಾಖಲಾಗಿ ಉಳಿದಿರುವ ಜಗತ್ತಿನ ಮೊದಲ ಮುಷ್ಕರ ಅದು. ಕಾಳು ಬಾಕಿ ಇಟ್ಟವನಿಗೆ 21 ತೋಪು. ಬಾಕಿ ಕೇಳಿದವರಿಗೆ ಏನಿದೆ? ಇಟಲಿಯ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿ ಅಲ್ಲಲ್ಲಿ ಹರಿದುಹೋದ ಒಂದು ಪಪೈರಸ್ ಹಾಳೆ ಇದೆ.

ನಾವು ಕೇಳೋದು ಇಷ್ಟೇ. ಈ ಎರಡರಲ್ಲಿ ಸಂಸ್ಕೃತಿ ಯಾವುದು? ತೋಪಿನ ಸದ್ದೋ, ಆ ಹರಿದ ಹಾಳೆಯೋ?

*

ಪಂಡಿತರು ನಮಗೆ ಕೊಟ್ಟ ಈಜಿಪ್ಟ್ ಯಾವುದು ಅಂತ ಮೊದಲು ನೋಡೋಣ. ನೈಲ್ ನದಿ, ಪಿರಮಿಡ್ಡು, ಮಮ್ಮಿ, ಚಿತ್ರಲಿಪಿ, ಟುಟಾಂಖಾಮನ್ನನ ಚಿನ್ನದ ಮುಖವಾಡ. ಮುಗಿಯಿತು. ಮೂರು ಸಾವಿರ ವರ್ಷ ಉತ್ತು ಬಿತ್ತಿ, ಹೆತ್ತು ಹೊತ್ತು ಬಾಳಿದ ಒಂದು ಜನಸಮುದಾಯವನ್ನು ಐದು ಬೊಂಬೆ ಮಾಡಿ ಅಂಗಡಿಯಲ್ಲಿ ಜೋಡಿಸಿದ್ದಾರೆ. ದುಡಿದವನ ದುಡಿಮೆಯನ್ನು ಕದಿಯುವುದಕ್ಕೆ ಈ ಅಂಗಡಿಯವರ ಹತ್ತಿರ ಮೂರು ಉಪಾಯಗಳಿವೆ.

ಮೊದಲನೆಯದು ಬಾರುಕೋಲಿನ ಕತೆ. ಕ್ರಿ.ಪೂ. ಐದನೇ ಶತಮಾನದಲ್ಲಿ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್ ಈಜಿಪ್ಟಿಗೆ ಹೋಗಿದ್ದ. ಗಿಜಾದ ದೊಡ್ಡ ಪಿರಮಿಡ್ಡು ಎದ್ದು ಆಗಲೇ ಎರಡು ಸಾವಿರ ವರ್ಷ ಆಗಿತ್ತು. ಒಂದು ಲಕ್ಷ ಜನ ಮೂರು ಮೂರು ತಿಂಗಳ ಸರದಿಯಲ್ಲಿ ದುಡಿದರು, ಇಪ್ಪತ್ತು ವರ್ಷ ಹಿಡಿಯಿತು ಅಂತ ಬರೆದ. ಅದರ ಮೇಲೆ ಸಿನಿಮಾದವರು ಬಾರುಕೋಲು, ಸರಪಳಿ, ಉರಿಬಿಸಿಲು ಸೇರಿಸಿದರು. ಈ ಕತೆಯಲ್ಲಿ ದುಡಿದವನು ಬರೀ ಮಂದೆ. ಅವನಿಗೆ ಬೆನ್ನುಂಟು, ತಲೆ ಇಲ್ಲ. ಕಲ್ಲಿನ ಎಳೆ ನೋಡಿ ಎಲ್ಲಿ ಬೆಣೆ ಹೊಡೆಯಬೇಕು ಅನ್ನೋದು ಗೊತ್ತಿದ್ದ ಮನುಷ್ಯ ಅಲ್ಲಿ ಕಾಣಿಸೋದೇ ಇಲ್ಲ.

ಎರಡನೆಯದು ಆಕಾಶದ ಕತೆ. 1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಎಂಬ ಸ್ವಿಸ್ ಲೇಖಕ ಒಂದು ಪುಸ್ತಕ ಬರೆದು, ಇಂಥವನ್ನೆಲ್ಲ ಬೇರೆ ಲೋಕದಿಂದ ಬಂದವರ ನೆರವಿಲ್ಲದೆ ಕಟ್ಟೋದು ಆಗದ ಮಾತು ಅಂತ ಸೂಚಿಸಿದ. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಕಪ್ಪು, ಕಂದು ಮೈಬಣ್ಣದ ಆಫ್ರಿಕದ ಜನ 23 ಲಕ್ಷ ಕಲ್ಲನ್ನು 146 ಮೀಟರ್ ಎತ್ತರಕ್ಕೆ ಪೇರಿಸಿದರು ಅಂದರೆ ಇವರ ಗಂಟಲಲ್ಲಿ ಇಳಿಯೋದಿಲ್ಲ. ಹಾರುವ ತಟ್ಟೆಯಲ್ಲಿ ಯಾರೋ ಬಂದು ಕಟ್ಟಿಕೊಟ್ಟು ಹೋದರು ಅಂದರೆ ಸಲೀಸಾಗಿ ಇಳಿಯುತ್ತದೆ. ದುಡಿದವನ ಕೈಗಿಂತ ಕಾಣದ ದೇವರ ಕೈ ವಾಸಿ ಅನ್ನುವ ಹಳೆಯ ಪುರೋಹಿತ ಬುದ್ಧಿಯೇ ಇಲ್ಲಿ ವಿಜ್ಞಾನದ ಕೋಟು ತೊಟ್ಟು ಬಂದಿದೆ.

ಮೂರನೆಯದು ಹೊಸದು, ನಯವಾದದ್ದು, ಅದಕ್ಕೇ ಹೆಚ್ಚು ಅಪಾಯದ್ದು. 1988ರಿಂದೀಚೆಗೆ ಗಿಜಾದಲ್ಲಿ ಮಾರ್ಕ್ ಲೇನರ್, 1990ರಿಂದೀಚೆಗೆ ಜಾಹಿ ಹವಾಸ್ ಮುಂತಾದವರು ಅಗೆದು ನೋಡಿದರು. ಕೆಲಸಗಾರರ ಊರು ಸಿಕ್ಕಿತು. ರೊಟ್ಟಿ ಸುಡುವ ಭಟ್ಟಿಗಳು, ದನ ಕುರಿ ಮೇಕೆಯ ಮೂಳೆಗಳ ರಾಶಿ ಸಿಕ್ಕಿದವು. ಪಿರಮಿಡ್ಡಿನ ಹತ್ತಿರವೇ ಕೆಲಸಗಾರರನ್ನು ಗೌರವದಿಂದ ಹೂಳಿದ ಗೋರಿಗಳು ಸಿಕ್ಕಿದವು. ಮುರಿದ ಮೂಳೆಗೆ ಕಟ್ಟು ಹಾಕಿ ವಾಸಿ ಮಾಡಿದ ಗುರುತುಗಳೂ ಅಸ್ಥಿಪಂಜರದಲ್ಲಿ ಕಂಡವು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್ ಎಂಬಲ್ಲಿ ಪಿಯೆರ್ ತಾಲೆ ಎಂಬ ಫ್ರೆಂಚ್ ಸಂಶೋಧಕನ ತಂಡಕ್ಕೆ ಖುಫು ದೊರೆಯ ಕಾಲದ ಪಪೈರಸ್‌ಗಳೇ ಸಿಕ್ಕಿದವು. ಬರವಣಿಗೆ ಇರುವ ಪಪೈರಸ್‌ಗಳಲ್ಲಿ ಇವೇ ಅತ್ಯಂತ ಹಳೆಯವು. ಮೆರೆರ್ ಎಂಬ ಮೇಸ್ತ್ರಿ ತನ್ನ ಆಳುಗಳ ಜೊತೆ ತುರಾದ ಗಣಿಯಿಂದ ದೋಣಿಯಲ್ಲಿ ಸುಣ್ಣಕಲ್ಲು ತುಂಬಿ ಗಿಜಾಕ್ಕೆ ಸಾಗಿಸಿದ ದಿನದಿನದ ಲೆಕ್ಕ ಅದರಲ್ಲಿದೆ.

ಇದೆಲ್ಲ ದೊಡ್ಡ ಕೆಲಸ. ಬಾರುಕೋಲಿನ ಕತೆಯನ್ನೂ ಹಾರುವ ತಟ್ಟೆಯ ಕತೆಯನ್ನೂ ಇದು ಒಟ್ಟಿಗೇ ಮಣ್ಣು ಮಾಡಿತು. ಪಿರಮಿಡ್ಡಿನ ಕಣ್ಣಿಗೆ ಬೀಳದ ಒಳಕೋಣೆಗಳಲ್ಲಿ ಕೆಲಸಗಾರರ ತಂಡಗಳು ಕೆಂಪು ಬಣ್ಣದಲ್ಲಿ ತಮ್ಮ ಹೆಸರು ಗೀಚಿಕೊಂಡಿವೆ. ಒಂದು ತಂಡದ ಹೆಸರು 'ಖುಫುವಿನ ಗೆಳೆಯರು'. ಮೆಂಕೌರೆ ದೊರೆಯ ಪಿರಮಿಡ್ಡಿನ ಕೆಲಸಕ್ಕೆ ಬಂದ ಇನ್ನೊಂದು ತಂಡ 'ಮೆಂಕೌರೆಯ ಕುಡುಕರು'. ಇವರು ಮಂದೆಯಲ್ಲ, ನಗುತ್ತಿದ್ದ ಜನ.

ಆದರೆ ಟಿವಿಯವರೂ ಪ್ರವಾಸಿ ಗೈಡುಗಳೂ ಇದರಿಂದ ಎತ್ತಿಕೊಂಡ ಪಾಠ ಏನು? 'ಅವರು ಗುಲಾಮರಲ್ಲ ಸ್ವಾಮಿ, ದೊರೆಯ ಮೇಲಿನ ಭಕ್ತಿಯಿಂದ ಸಂತೋಷವಾಗಿ ದುಡಿದರು, ಮಾಂಸದೂಟ ಇತ್ತು, ವೈದ್ಯ ಇದ್ದ.' ಎತ್ತಿಗೂ ಹುಲ್ಲು ಹಾಕ್ತಾರೆ. ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವ್ತಾರೆ. ಅಷ್ಟಕ್ಕೇ ಎತ್ತು ಹೊಲದ ಯಜಮಾನ ಆಗ್ತದೇನ್ರಿ?

*

ಸಂತೆಯಲ್ಲಿ ಮಾರಿದ ಗುಲಾಮರಲ್ಲ, ಸರಿ. ಹಾಗಾದರೆ ಅವರು ಬರೋದಿಲ್ಲ ಅನ್ನಬಹುದಿತ್ತೆ? ಇದೊಂದೇ ಪ್ರಶ್ನೆ ಕೇಳಿ ನೋಡಿ, ಭಕ್ತಿಯ ಬಣ್ಣ ಬಿಟ್ಟುಕೊಳ್ಳುತ್ತದೆ.

ನ್ಯೂಯಾರ್ಕಿನ ಬ್ರೂಕ್ಲಿನ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ಕ್ರಿ.ಪೂ. 1800ರ ಒಂದು ಪಪೈರಸ್ ಇದೆ. ಮೂರನೇ ಅಮೆನೆಂಹತ್ ದೊರೆಯ ಕಾಲದ್ದು. ಅದು ಕಾವ್ಯ ಅಲ್ಲ, ಸ್ತೋತ್ರ ಅಲ್ಲ, ಸೆರೆಮನೆಯ ದಫ್ತರು. ಸರ್ಕಾರದ ಬಿಟ್ಟಿ ಚಾಕರಿ ತಪ್ಪಿಸಿಕೊಂಡು ಓಡಿಹೋದ ಸುಮಾರು 80 ಮಂದಿಯ ಹೆಸರು ಅದರಲ್ಲಿದೆ. ಹೆಸರು, ಊರು, ಯಾರ ಕೈಕೆಳಗಿನವರು, ಏನು ವಿಚಾರಣೆ ಆಯಿತು ಎಲ್ಲ ಇದೆ. ತೇತಿ ಎಂಬ ಹೆಣ್ಣುಮಗಳೂ ಅವರಲ್ಲಿ ಒಬ್ಬಳು. ಅವಳು ಓಡಿಹೋದದ್ದಕ್ಕೆ ಅವಳ ಮನೆಯವರನ್ನು ಸೆರೆಯಲ್ಲಿ ಇಟ್ಟಿದ್ದರು. ಅವರನ್ನು ಬಿಡಿ ಅನ್ನುವ ಆಜ್ಞೆ ಆಮೇಲೆ ಬಂದಿದೆ. ಸಂತೋಷವಾಗಿ ದುಡಿಯುವವರು ಯಾಕೆ ಓಡಿಹೋಗುತ್ತಾರೆ? ಭಕ್ತಿಯಿಂದ ಬಂದವರ ಮನೆಯವರನ್ನು ಯಾಕೆ ಒತ್ತೆ ಇಡುತ್ತಾರೆ?

ಸಖಾರಾದಲ್ಲಿ ಮೆರೆರುಕಾ ಎಂಬ ಮಂತ್ರಿಯ ಗೋರಿ ಇದೆ. ಕ್ರಿ.ಪೂ. 2300ರ ಸುಮಾರಿನದು. ಗೋಡೆ ತುಂಬ ಅಂದವಾದ ಚಿತ್ರಗಳು. ಅವುಗಳಲ್ಲಿ ಒಂದರಲ್ಲಿ ಹಳ್ಳಿಯ ಪಟೇಲರನ್ನು ಕತ್ತು ಹಿಡಿದು ಗುಮಾಸ್ತರ ಮುಂದೆ ಬಗ್ಗಿಸಿದ್ದಾರೆ. ಒಬ್ಬನನ್ನು ಕಂಬಕ್ಕೆ ಕಟ್ಟಿ ಕೋಲಲ್ಲಿ ಹೊಡೆಯುತ್ತಿದ್ದಾರೆ. ಕಂದಾಯದ ಲೆಕ್ಕ ಒಪ್ಪಿಸುವ ಹೊತ್ತು ಅದು. ನೆನಪಿಡಿ, ಇದು ಶತ್ರುಗಳು ಬರೆದ ಚಿತ್ರ ಅಲ್ಲ. ಮಂತ್ರಿ ತನ್ನ ಗೋರಿಯ ಗೋಡೆಗೆ ತಾನೇ ಬರೆಸಿಕೊಂಡದ್ದು. ಪಟೇಲನಿಗೇ ಈ ಪಾಡು ಅಂದಮೇಲೆ ಅವನ ಕೆಳಗಿನವನ ಪಾಡೇನು?

ಇನ್ನು ಅಖೆನಾತನ್. ನಮ್ಮ ಪ್ರಗತಿಪರ ಗೆಳೆಯರಿಗೂ ಇವನು ಅಂದರೆ ಬಲು ಪ್ರೀತಿ. ದೇವರುಗಳ ಸಂತೆಯನ್ನು ಕಿತ್ತೊಗೆದು ಸೂರ್ಯಬಿಂಬ ಒಂದೇ ದೇವರು ಅಂದವನು, ಅಮೂನ್ ದೇವರ ಪೂಜಾರಿಗಳ ಸೊಕ್ಕು ಮುರಿದವನು, ಕ್ರಾಂತಿಕಾರಿ ದೊರೆ ಅಂತ ಬರೆಯುತ್ತಾರೆ. ಕ್ರಿ.ಪೂ. 1350ರ ಸುಮಾರಿಗೆ ಈತ ಅಮರ್ನಾದ ಮರುಭೂಮಿಯಲ್ಲಿ ಹೊಸ ರಾಜಧಾನಿಯನ್ನು ಅವಸರ ಅವಸರವಾಗಿ ಎಬ್ಬಿಸಿದ. 2015ರಲ್ಲಿ ಅಲ್ಲಿನ ಉತ್ತರದ ಒಂದು ಸ್ಮಶಾನವನ್ನು ಅಗೆದರು. ಪರೀಕ್ಷೆ ಮಾಡಿದ 105 ಅಸ್ಥಿಪಂಜರಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು 7ರಿಂದ 25 ವರ್ಷದೊಳಗಿನವರವು. ಅವರಲ್ಲಿ ಬಹುಪಾಲು 15 ತುಂಬದ ಮಕ್ಕಳು. ಆ ಎಳೆಯ ಮೂಳೆಗಳಲ್ಲಿ ಭಾರ ಹೊತ್ತವರ ಬೆನ್ನುಮೂಳೆಯ ಪೆಟ್ಟು, ಸವೆದ ಕೀಲು. ಒಂದೊಂದು ಗುಂಡಿಯಲ್ಲಿ ಎರಡು ಮೂರು ಹೆಣ. ಮೇಲೊಂದು ಒರಟು ಚಾಪೆ. ದೇವರನ್ನು ಬದಲಾಯಿಸೋದು ದೊರೆಗೆ ಸುಲಭದ ಕೆಲಸ. ಹೊತ್ತವನ ಬೆನ್ನಿಂದ ಹೊರೆ ಇಳಿಸೋದೇ ಬೇರೆ ಮಾತು. ಅಖೆನಾತನ್ ಮೊದಲನೆಯದನ್ನು ಮಾಡಿದ, ಎರಡನೆಯದನ್ನು ಮಾಡಲಿಲ್ಲ.

*

ಈಗ ಮುಷ್ಕರಕ್ಕೆ ಬರೋಣ. ಅದಕ್ಕೂ ಮುಂಚೆ ಆ ದೇಶದ ಕಣಜದ ಕೀಲಿಕೈ ಯಾರ ಸೊಂಟದಲ್ಲಿತ್ತು ಅಂತ ತಿಳಿಯಬೇಕು.

ಮೂರನೇ ರಾಮ್ಸೆಸ್ ಸತ್ತಮೇಲೆ ಅವನ ಮಗ ಒಂದು ದೊಡ್ಡ ಪಪೈರಸ್ ಬರೆಸಿದ. ಇವತ್ತು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಉದ್ದ ಸುಮಾರು 41 ಮೀಟರ್. ದೊರೆ ತನ್ನ 31 ವರ್ಷದ ಆಳ್ವಿಕೆಯಲ್ಲಿ ಯಾವ ಯಾವ ದೇವರಿಗೆ ಏನೇನು ಕೊಟ್ಟ ಅನ್ನುವ ಪಟ್ಟಿ ಅದು. ಥೀಬ್ಸ್ ನಗರದ ಅಮೂನ್ ದೇವರೊಬ್ಬನ ಲೆಕ್ಕವನ್ನೇ ನೋಡ್ರಿ: ಆಳುಗಳು 86,486. ದನಕರು, ಕುರಿಮೇಕೆ 4,21,362. ಹೊಲ 8,64,168 ಅರೂರಾ, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಲಕ್ಷ ಎಕರೆ. ತೋಟ 433. ಹಡಗು 83. ಊರು 65. ಕಲ್ಲಿನ ಮೂರ್ತಿಗೆ ಆರು ಲಕ್ಷ ಎಕರೆ ಯಾಕೆ ಬೇಕು ಅಂತ ಕೇಳಬೇಡಿ. ಮೂರ್ತಿ ಉಣ್ಣೋದಿಲ್ಲ, ಮೂರ್ತಿಯ ಹೆಸರಲ್ಲಿ ಉಣ್ಣುವವರು ಇರುತ್ತಾರೆ.

ಇದೇ ಥೀಬ್ಸಿನ ಎದುರು ದಂಡೆಯಲ್ಲಿ, ಬೆಟ್ಟದ ಸಂದಿಯಲ್ಲಿ, ಗೋಡೆ ಸುತ್ತಿದ ಒಂದು ಪುಟ್ಟ ಊರು. ಒಳಗೆ ಸುಮಾರು 68 ಮನೆ. ಇವತ್ತಿನ ಹೆಸರು ದೇರ್ ಎಲ್ ಮದೀನಾ. ರಾಜರ ಕಣಿವೆಯ ಗೋರಿಗಳನ್ನು ಬೆಟ್ಟದ ಹೊಟ್ಟೆಯಲ್ಲಿ ಕೊರೆದು, ಗಾರೆ ಬಳಿದು, ಬಣ್ಣ ತುಂಬಿದ ಕುಶಲಕರ್ಮಿಗಳ ಊರು ಅದು. ವಾರ ಅಂದರೆ ಹತ್ತು ದಿನ. ಎಂಟು ದಿನ ಕೆಲಸ, ಎರಡು ದಿನ ಬಿಡುವು. ತಾಮ್ರದ ಉಳಿಯನ್ನು ತೂಗಿ ಕೊಟ್ಟು ತೂಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ನಾಣ್ಯ ಇಲ್ಲದ ಕಾಲ, ಕೂಲಿ ಎಲ್ಲ ಕಾಳಿನಲ್ಲೇ. ಸಾಮಾನ್ಯ ಕೆಲಸಗಾರನಿಗೆ ತಿಂಗಳಿಗೆ 4 ಖರ್ ಗೋಧಿ, ಒಂದೂವರೆ ಖರ್ ಬಾರ್ಲಿ. ಒಂದು ಖರ್ ಅಂದರೆ ಸುಮಾರು 76 ಲೀಟರ್ ಅಳತೆ. ಆ ಗೋಧಿ ನಮ್ಮ ಬೆಳಗಾವಿ, ಧಾರವಾಡ ಕಡೆ ಬೆಳೆಯುವ ಜವೆಗೋಧಿಯ ಜಾತಿಯದು. ಅದರಲ್ಲೇ ರೊಟ್ಟಿ, ಅದರಲ್ಲೇ ಬದಲಿಗೆ ಬಟ್ಟೆ, ಎಣ್ಣೆ. ಬಂದರೆ ಒಳ್ಳೆಯ ಕೂಲಿಯೇ. ಬಂದರೆ ತಾನೆ?

ದೊರೆ ಪಟ್ಟಕ್ಕೆ ಬಂದ 29ನೇ ವರ್ಷ ಬರಲಿಲ್ಲ. ಬಿತ್ತನೆ ಕಾಲದ ಎರಡನೇ ತಿಂಗಳ 10ನೇ ದಿನ, ತಿಂಗಳು ಹುಟ್ಟಿ ಹದಿನೆಂಟು ದಿನವಾಯಿತು, ಹಸಿದಿದ್ದೇವೆ ಅಂತ ಹೇಳಿ ಕೆಲಸಗಾರರು ಐದು ಕಾವಲು ಗೋಡೆಗಳನ್ನು ದಾಟಿ ಹೊರಗೆ ಬಂದರು. ಮೂರನೇ ಥುಟ್ಮೋಸ್ ದೊರೆಯ ಗುಡಿಯ ಹಿಂದೆ ಕೂತರು. ಅಧಿಕಾರಿಗಳು ಬಂದು ಆಣೆ ಪ್ರಮಾಣ ಮಾಡಿದರು, ಹಿಂದಕ್ಕೆ ಹೋಗಿ ಅಂದರು. ಇವರು ಏಳಲಿಲ್ಲ. ಮಾರನೆ ದಿನ ಎರಡನೇ ರಾಮ್ಸೆಸನ ದೊಡ್ಡ ಗುಡಿ ರಾಮೆಸಿಯಂನ ಬಾಗಿಲಿಗೆ ಹೋದರು. ಅದರ ಮಾರನೆ ದಿನ ಒಳಕ್ಕೇ ನುಗ್ಗಿದರು. ಎಲ್ಲಿ ಹೋಗಿ ಕೂತರು ನೋಡಿ. ದೇವರ ಮುಂದೆ ಅಡ್ಡಬೀಳೋದಕ್ಕಲ್ಲ ಅವರು ಗುಡಿಗೆ ಹೋದದ್ದು, ಕಾಳು ಇದ್ದದ್ದು ಅಲ್ಲಿ. ರಾಮೆಸಿಯಂನ ಸುತ್ತ ಹಸಿ ಇಟ್ಟಿಗೆಯ ಕಮಾನು ಉಗ್ರಾಣಗಳ ಸಾಲು ಇವತ್ತಿಗೂ ನಿಂತಿದೆ.

ಅಲ್ಲಿ ಅವರು ಹೇಳಿದ್ದನ್ನು ಗುಮಾಸ್ತ ಬರೆದುಕೊಂಡಿದ್ದಾನೆ. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ಅಟ್ಟಿತು, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ಸೊಪ್ಪುಸದೆ ಇಲ್ಲ, ದೊರೆಗೂ ಮಂತ್ರಿಗೂ ಇದನ್ನು ಬರೆದು ತಿಳಿಸಿ ಅನ್ನುವುದು ಅದರ ಸಾರ. ಅವತ್ತು ಹಿಂದಿನ ತಿಂಗಳ ಬಾಕಿ ಕೊಟ್ಟರು. ಈ ತಿಂಗಳದು? ಮತ್ತೆ ಕೂತರು. ಮತ್ತೆ ಗೋಡೆ ದಾಟಿದರು. ಒಂದು ಸಲ ಅಧಿಕಾರಿಗಳ ಮುಖಕ್ಕೆ ಹೊಡೆದ ಹಾಗೆ ಹೇಳಿದರು: ನಾವು ಬರೀ ಹಸಿವಿಗಾಗಿ ಗೋಡೆ ದಾಟಿದವರಲ್ಲ, ದೊರೆಯ ಈ ಜಾಗದಲ್ಲಿ ಕೆಟ್ಟ ಕೆಲಸ ನಡೆಯುತ್ತಿದೆ, ಅದರ ಮೇಲೆ ನಮ್ಮ ದೂರಿದೆ. ಗೆಳೆಯರೆ, ಮೂರು ಸಾವಿರ ವರ್ಷದ ಹಿಂದೆ ಹೊಟ್ಟೆಯ ಪ್ರಶ್ನೆ ನ್ಯಾಯದ ಪ್ರಶ್ನೆಯಾಗಿ ಎದ್ದು ನಿಂತ ಗಳಿಗೆ ಅದು. ಈಜಿಪ್ಟಿನ ಯಾವ ಪಿರಮಿಡ್ಡೂ ನಮ್ಮ ಕಣ್ಣಿಗೆ ಆ ಮಾತಿನಷ್ಟು ಎತ್ತರ ಕಾಣೋದಿಲ್ಲ.

ಆಗ ಮಹಾಮಂತ್ರಿ ಎಲ್ಲಿದ್ದ? ಅದೇ ಪ್ರದೇಶಕ್ಕೆ ಬಂದಿದ್ದ. ದೊರೆ ಪಟ್ಟಕ್ಕೆ ಬಂದು 30 ವರ್ಷ ತುಂಬುವ ಉತ್ಸವಕ್ಕೆ ದೇವರ ಮೂರ್ತಿಗಳನ್ನು ಕರೆದೊಯ್ಯಲು ಬಂದಿದ್ದ. ಹಸಿದವರ ಹತ್ತಿರ ಬರಲಿಲ್ಲ, ಪೊಲೀಸು ಮುಖ್ಯಸ್ಥನ ಕೈಲಿ ಮಾತು ಹೇಳಿಕಳಿಸಿದ. ನಿಮ್ಮ ಕಾಳು ಕಿತ್ತುಕೊಳ್ಳೋದಕ್ಕೆ ನನ್ನನ್ನು ಮಂತ್ರಿ ಮಾಡಿದ್ದಾರೆಯೆ, ಉಗ್ರಾಣದಲ್ಲೇ ಇಲ್ಲದಿದ್ದರೂ ಸಿಕ್ಕಿದ್ದನ್ನು ಕೊಡುತ್ತೇನೆ ಅಂತ ಅದರ ತಾತ್ಪರ್ಯ. ಕೊಟ್ಟದ್ದು ಅರ್ಧ ಪಡಿ. ಉತ್ಸವಕ್ಕೆ ಉಗ್ರಾಣ ತೆರೆಯುತ್ತದೆ, ಕೂಲಿಗೆ ಮಾತ್ರ ಬರಿದಾಗುತ್ತದೆ. ಈ ಚಮತ್ಕಾರ ಅವತ್ತಿನಿಂದ ಇವತ್ತಿನವರೆಗೂ ನಡೆದುಬಂದಿದೆ.

*

ಆನಖ್ತನ ಮಗ ಮೋಸೆ ಎಂಬ ಕೆಲಸಗಾರ ಆ ಗಲಾಟೆಯಲ್ಲಿ ದೊರೆಯ ಹೆಸರಿನ ಮೇಲೇ ಆಣೆ ಇಟ್ಟು, ನನ್ನನ್ನು ಇಲ್ಲಿಂದ ಎಬ್ಬಿಸಿದರೆ ಗೋರಿ ಒಡೆಯೋದಕ್ಕೆ ತಯಾರಾಗಿಯೇ ಇವತ್ತು ಮಲಗೋದು ಅಂತ ಗದರಿಸಿದ. ಅದು ಬರೀ ಬಾಯಿಮಾತಾಗಿ ಉಳಿಯಲಿಲ್ಲ. ಕ್ರಿ.ಪೂ. 1110ರ ಸುಮಾರಿಗೆ, ಒಂಬತ್ತನೇ ರಾಮ್ಸೆಸನ ಕಾಲದಲ್ಲಿ, ಥೀಬ್ಸಿನಲ್ಲಿ ಗೋರಿ ಕಳ್ಳರ ದೊಡ್ಡ ವಿಚಾರಣೆ ನಡೆಯಿತು. ಅಮೆನ್‌ಪನೂಫರ್ ಎಂಬವನು ಅಮೂನ್ ದೇವರ ಗುಡಿಯ ಕಲ್ಲುಕುಟಿಗ. ಕೋಲೇಟಿನ ಕೆಳಗೆ ತಪ್ಪೊಪ್ಪಿಕೊಂಡ. ಎಂಟು ಜನ ಸೇರಿ ಸೊಬೆಕೆಂಸಾಫ್ ದೊರೆಯ ಗೋರಿ ಒಡೆದರು, 160 ದೆಬೆನ್ ಚಿನ್ನ ಸಿಕ್ಕಿತು, ತಲೆಗೆ 20 ದೆಬೆನ್ ಹಂಚಿಕೊಂಡರು. ಒಂದು ದೆಬೆನ್ ಸುಮಾರು 91 ಗ್ರಾಂ. ಮುಂದಿನದು ಇನ್ನೂ ಚೆನ್ನ. ಮೊದಲ ಸಲ ಸಿಕ್ಕಿಬಿದ್ದಾಗ ತನ್ನ ಪಾಲಿನ 20 ದೆಬೆನ್ನನ್ನು ಗುಮಾಸ್ತನಿಗೆ ಕೊಟ್ಟ, ಅವನು ಬಿಟ್ಟುಬಿಟ್ಟ. ಗೆಳೆಯರು ಮತ್ತೆ ಪಾಲು ಮಾಡಿ ಇವನಿಗೂ ಕೊಟ್ಟರು.

ಯಾರು ಕಳ್ಳರು? ಬದುಕಿದವನ ಬಾಯಿಯ ಕಾಳನ್ನು ತಡೆದು ಸತ್ತವನ ಎದೆಯ ಮೇಲೆ ಚಿನ್ನ ಹೇರಿದವರು ಧರ್ಮಪ್ರಭುಗಳು. ತಮ್ಮ ಜಾತಿಯ ಕೈಗಳೇ ಕಡಿದ ಗೋರಿಯಿಂದ ಆ ಚಿನ್ನವನ್ನು ಹಿಂದಕ್ಕೆ ತಂದವರು ಕಳ್ಳರು. ಲಂಚ ತಿಂದ ಗುಮಾಸ್ತ ನಾಗರಿಕತೆಯ ಅಂಗ. ಕೋಲೇಟು ತಿಂದವನು ಅಪರಾಧಿ. ಈ ನಿಘಂಟನ್ನು ಬರೆದವರು ಯಾರು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಸಾವಿನಾಚೆಗೂ ಈ ಜನರನ್ನು ಬಿಡಲಿಲ್ಲ. ಪರಲೋಕದಲ್ಲೂ ಉಳುಮೆ, ನೀರು ಹಾಯಿಸೋದು, ಮಣ್ಣು ಹೊರೋದು ಇರುತ್ತದೆ ಅಂತ ಅವರ ನಂಬಿಕೆ. ಅಲ್ಲಿ ಧಣಿಯ ಬದಲು ದುಡಿಯೋದಕ್ಕೆ ಉಶಬ್ತಿ ಎಂಬ ಪುಟ್ಟ ಆಳುಬೊಂಬೆಗಳನ್ನು ಹೆಣದ ಜೊತೆ ಹೂಳುತ್ತಿದ್ದರು. ಟುಟಾಂಖಾಮನ್ನನ ಗೋರಿಯಲ್ಲಿ 413 ಇದ್ದವು: ವರ್ಷದ ದಿನಕ್ಕೊಂದರಂತೆ 365 ಆಳು, ಅವರ ಮೇಲೆ 36 ಮೇಸ್ತ್ರಿ, ತಿಂಗಳಿಗೊಬ್ಬನಂತೆ ಮತ್ತೆ 12 ಮೇಲುಮೇಸ್ತ್ರಿ. ಸ್ವರ್ಗದಲ್ಲೂ ಬಿಟ್ಟಿ, ಸ್ವರ್ಗದಲ್ಲೂ ಮೇಸ್ತ್ರಿ! 1922ರಲ್ಲಿ ಆ ಗೋರಿ ತೆರೆದ ಇಂಗ್ಲಿಷಿನ ಹೊವರ್ಡ್ ಕಾರ್ಟರ್ ಜಗತ್ಪ್ರಸಿದ್ಧನಾದ. ಬೊಂಬೆ ಬೊಂಬೆಗೂ ನಂಬರು ಬಿತ್ತು. ಬುಟ್ಟಿಯಲ್ಲಿ ಮಣ್ಣು ಹೊತ್ತ ಈಜಿಪ್ಟಿನ ಹಳ್ಳಿಯ ಆಳುಗಳು, ಹುಡುಗರು ಫೋಟೋಗಳಲ್ಲಿ ಉಂಟು, ಆದರೆ ಅವರಲ್ಲಿ ಬಹುಮಂದಿಯ ಹೆಸರು ಎಲ್ಲೂ ಇಲ್ಲ.

*

ದೇರ್ ಎಲ್ ಮದೀನಾದವರ ಹಸಿವು ನಮಗೆ ಗೊತ್ತಾದದ್ದು ಯಾಕೆ? ಅವರೇ ಹೆಚ್ಚು ಹಸಿದವರು ಅಂತಲ್ಲ. ಅವರ ಊರಲ್ಲಿ ಅಕ್ಷರ ಇತ್ತು ಅಂತ. ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಒಬ್ಬಿಬ್ಬರು ಇದ್ದಿರಬಹುದು ಅಂತ ಅಂದಾಜು. ಈ ಊರಲ್ಲಿ ಮಾತ್ರ ಕೆಲಸದ ಅಗತ್ಯದಿಂದ ಅಕ್ಷರ ಒಳಗೆ ಬಂದಿತ್ತು. ಹಾಗೆ ಒಳಗೆ ಬಂದ ಅಕ್ಷರ ಗೋರಿಯ ಗೋಡೆಯ ಮೇಲೇ ನಿಲ್ಲಲಿಲ್ಲ. ಕಲ್ಲಿನ ಚಕ್ಕೆ, ಮಡಕೆಯ ಚೂರಿನ ಮೇಲೆ ಸಾಲದ ಲೆಕ್ಕ, ಜಗಳ, ಪ್ರೇಮದ ಹಾಡು, ರಜೆಯ ಕಾರಣ ಎಲ್ಲ ಬರೆದರು. ಎರಡನೇ ರಾಮ್ಸೆಸನ 40ನೇ ವರ್ಷದ ಒಂದು ಹಾಜರಿ ಪಟ್ಟಿಯಲ್ಲಿ ಚೇಳು ಕಡಿದವನು, ಕಣ್ಣು ನೋವಿನವನು, ಬಿಯರು ಕಾಯಿಸೋದಕ್ಕೆ ಉಳಿದವನು ಎಲ್ಲರೂ ಇದ್ದಾರೆ. ಬೆಕ್ಕು ಆಳಾಗಿ ನಿಂತು, ದೊಡ್ಡಮ್ಮನ ಹಾಗೆ ಕೂತ ಇಲಿಗೆ ಸೇವೆ ಮಾಡುವ ಚಿತ್ರಗಳೂ ಅಂಥ ಚಕ್ಕೆಗಳ ಮೇಲಿವೆ. ದಣಿಗಳ ಗೋರಿಗೆ ಶಾಸ್ತ್ರೋಕ್ತ ಚಿತ್ರ ಬರೆದ ಆ ಕಾಲದ ಕೈಗಳೇ ಬಿಡುವಿನಲ್ಲಿ ಲೋಕವನ್ನು ತಲೆಕೆಳಗು ಮಾಡಿ ನಕ್ಕವು.

ಆದರೆ ಅಕ್ಷರ ಕಲಿಸುವ ಪಾಠ ಯಾವುದಾಗಿತ್ತು? ಒಬ್ಬ ಅಪ್ಪ ಮಗನನ್ನು ಗುಮಾಸ್ತಿಕೆ ಕಲಿಯಲು ದೋಣಿಯಲ್ಲಿ ಕರೆದೊಯ್ಯುತ್ತಾ ಕುಂಬಾರ, ನೇಕಾರ, ಅಗಸ, ರೈತ ಎಲ್ಲರ ಕಸುಬನ್ನೂ ಹೀನಾಯವಾಗಿ ಗೇಲಿ ಮಾಡುವ ಒಂದು ಹಳೆಯ ಕೃತಿ. ಕೈಕಸುಬಿನವನ ಬೆವರಿನ ವಾಸನೆ ಹೇಳಿ ಮೂಗು ಮುಚ್ಚಿಕೊಳ್ಳೋದೇ ಅದರ ಸಾರ. ಕಲ್ಲುಕುಟಿಗರ ಊರಿನ ಮಕ್ಕಳೂ ಅದನ್ನೇ ತಿದ್ದಿ ತಿದ್ದಿ ಅಕ್ಷರ ಕಲಿತರು. ಅಪ್ಪನ ಕೈಯನ್ನು ನಾಚಿಕೆಯಿಂದ ನೋಡು ಅಂತ ಮಗನಿಗೆ ಕಲಿಸುವ ಶಾಲೆ. ಆ ಶಾಲೆಯಲ್ಲಿ ಕಲಿತ ಅಕ್ಷರದಲ್ಲೇ ಅಪ್ಪನ ಹಸಿವಿನ ದೂರನ್ನೂ ಬರೆದರಲ್ಲ, ಅದು ದೊಡ್ಡದು.

ಅಕ್ಷರ ತಲುಪದವರ ಕತೆ? ಈ ಊರಿಗೇ ನೀರು ಹೊತ್ತವರು, ಸೌದೆ ಕಡಿದವರು, ಮೀನು ಹಿಡಿದವರು, ಬಟ್ಟೆ ಒಗೆದವರು ಗೋಡೆಯ ಆಚೆಗಿನವರು. ಅವರ ಮುಷ್ಕರ ಇದ್ದರೂ ಬರೆದವರಿಲ್ಲ. ಅಮರ್ನಾದ ಮಕ್ಕಳಿಗೆ ಉಳಿದದ್ದು ಮೂಳೆ ಮಾತ್ರ. ಹೆರೊಡೋಟಸ್ ಇನ್ನೊಂದು ಸಂಗತಿ ಬರೆದಿದ್ದಾನೆ. ಈಜಿಪ್ಟಿನಲ್ಲಿ ಹಂದಿ ಕಾಯುವವರು ಆ ದೇಶದವರೇ ಆದರೂ ಅವರೊಬ್ಬರಿಗೆ ಯಾವ ಗುಡಿಗೂ ಪ್ರವೇಶ ಇರಲಿಲ್ಲವಂತೆ. ಯಾರೂ ಅವರಿಗೆ ಹೆಣ್ಣು ಕೊಡುತ್ತಿರಲಿಲ್ಲ, ಅವರಿಂದ ತರುತ್ತಿರಲಿಲ್ಲವಂತೆ. ಆದರೆ ಹುಣ್ಣಿಮೆಯ ಬಲಿಗೆ ಹಂದಿ ಬೇಕು, ಅವತ್ತು ಅದರ ಮಾಂಸ ಎಲ್ಲರಿಗೂ ಬೇಕು. ಕ್ರಿ.ಪೂ. ಮೊದಲನೇ ಶತಮಾನದ ಡಿಯೊಡೋರಸ್ ಮಮ್ಮಿ ಮಾಡುವವರ ಬಗ್ಗೆ ಬರೆಯುತ್ತಾನೆ. ಹೆಣದ ಪಕ್ಕೆಗೆ ಮೊದಲು ಕೊಯ್ತ ಹಾಕುವವನು ಕೊಯ್ದ ತಕ್ಷಣ ಓಡಬೇಕು. ನಿಂತವರು ಶಾಪ ಹಾಕುತ್ತಾ ಕಲ್ಲು ಹೊಡೆದು ಅಟ್ಟುತ್ತಾರೆ. ಕೊಯ್ಯದಿದ್ದರೆ ಮೋಕ್ಷ ಇಲ್ಲ. ಕೊಯ್ದವನಿಗೆ ಕಲ್ಲು. ಹಂದಿ ದೇವರಿಗೆ ಸಲ್ಲುತ್ತದೆ. ಸಾಕಿದವನು ಹೊಸ್ತಿಲಿಗೂ ಸಲ್ಲ. ಇದನ್ನು ಓದುವಾಗ ನಮಗೆ ಅಡಿಟಿಪ್ಪಣಿ ಬೇಕಾಗಲಿಲ್ಲ.

*

ಕನ್ನಡದ ವಿದ್ವಾಂಸರಿಗೂ ಈಜಿಪ್ಟಿನ ಮೇಲೆ ಒಂದು ಮೋಹ ಉಂಟು. ನೈಲ್ ಬಯಲಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗುಂಡಿಯಲ್ಲಿ, ಫೇರೋಗಳ ಕಾಲ ಮುಗಿದು ರೋಮನರು ಆಳುತ್ತಿದ್ದಾಗಿನ, ಕ್ರಿ.ಶ. ಎರಡನೇ ಶತಮಾನದ ಒಂದು ಗ್ರೀಕ್ ಪ್ರಹಸನ ಸಿಕ್ಕಿತು. 1903ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತದ ಕರಾವಳಿಯ ರಾಜ, ಅವನ ಜನ ಆಡುವ ಮಾತು ಕನ್ನಡ ಇರಬಹುದು ಅಂತ 1904ರಲ್ಲಿ ಹುಲ್ಟ್ಷ್ ಎಂಬ ಜರ್ಮನ್ ಪಂಡಿತ ಬರೆದ. ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಆದರೂ ನಮ್ಮವರ ಎದೆ ಉಬ್ಬಿದ್ದೇ ಉಬ್ಬಿದ್ದು. ಆ ನಾಟಕದಲ್ಲಿ ಏನಿದೆ ಗೊತ್ತೇನ್ರಿ? ಗ್ರೀಕರು ಭಾರತದ ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಮಂಗ ಮಾಡಿ ತಮ್ಮ ಹೆಣ್ಣನ್ನು ಬಿಡಿಸಿಕೊಂಡು ಹೋಗುತ್ತಾರೆ. ನಮ್ಮ ಮಾತು ಅಲ್ಲಿ ಪ್ರೇಕ್ಷಕರನ್ನು ನಗಿಸುವ ಗೊಳ್ಳು. ಗೇಲಿಯಲ್ಲೂ ಹೆಮ್ಮೆ ಹುಡುಕಿದ ಈ ವಿದ್ವತ್ತು ಅದೇ ದೇಶದ ಹಸಿವಿನ ಹಾಳೆಯ ಕಡೆ ತಿರುಗಿ ನೋಡಿದ್ದು ಕಡಿಮೆ.

ಹಾಗಂತ ಈಜಿಪ್ಟಿನ ಸಂಸ್ಕೃತಿಯನ್ನು ನಾವು ಎಸೆಯುವವರಲ್ಲ. ಎಸೆಯೋದಕ್ಕೆ ಅದು ದೊರೆಗಳದ್ದಾಗಿದ್ದರೆ ತಾನೆ? ಅದೇ ದೇರ್ ಎಲ್ ಮದೀನಾದಲ್ಲಿ ಕ್ರಿ.ಪೂ. 1145ರ ಸುಮಾರಿಗೆ ನೌನಖ್ತೆ ಎಂಬ ಮುದುಕಿ ಊರ ಪಂಚಾಯ್ತಿಯ ಮುಂದೆ ನಿಂತು ಉಯಿಲು ಬರೆಸಿದಳು. ಎಂಟು ಮಕ್ಕಳನ್ನು ಸಾಕಿದೆ, ಮುಪ್ಪಿನಲ್ಲಿ ನನ್ನ ಕೈ ಹಿಡಿದವರಿಗೆ ಆಸ್ತಿ, ಕೈಬಿಟ್ಟವರಿಗೆ ಇಲ್ಲ ಅಂದಳು. ಪಂಚಾಯ್ತಿ ಒಪ್ಪಿತು. ಹೆಣ್ಣಿಗೆ ತನ್ನ ಹೆಸರಿನ ಆಸ್ತಿ, ತನ್ನ ಬಾಯಿಯ ಮಾತು. ಇದು ಸಂಸ್ಕೃತಿ. ಹಸಿದವರು ಒಬ್ಬರ ಮೈಗೊಬ್ಬರು ಒತ್ತಿ ಗುಡಿಯ ಬಾಗಿಲಲ್ಲಿ ಕೂತದ್ದು ಸಂಸ್ಕೃತಿ. ಬೆಕ್ಕಿನ ಕೈಲಿ ಇಲಿಗೆ ಸೇವೆ ಮಾಡಿಸಿದ ಕುಂಚ ಸಂಸ್ಕೃತಿ. 41 ಮೀಟರಿನ ದಾನದ ಪಟ್ಟಿ? ಅದು ಜಮಾಖರ್ಚು.

ಆ ನೈಲಿನ ನೀರು ಕುಡಿಯುವ ಜನ ಇದನ್ನು ಮರೆತಿಲ್ಲ. 2006ರ ಡಿಸೆಂಬರಿನಲ್ಲಿ ಮಹಲ್ಲಾ ಎಲ್ ಕುಬ್ರಾ ಪಟ್ಟಣದ ಬಟ್ಟೆ ಗಿರಣಿಯಲ್ಲಿ ಕೊಡುತ್ತೇವೆಂದ ಬೋನಸ್ಸು ಕೊಡದೆ ಹೋದಾಗ ಮೊದಲು ಯಂತ್ರ ಬಿಟ್ಟು ಹೊರಬಂದವರು ಹೆಂಗಸರು. ಗಂಡಸರು ಎಲ್ಲಿ ಅಂತ ಕೂಗುತ್ತಾ ಬಂದರು. ಗಂಡಸರೂ ಬಂದರು. ಇಪ್ಪತ್ತು ಸಾವಿರಕ್ಕೂ ಮೀರಿದ ಕೆಲಸಗಾರರ ಆ ಮುಷ್ಕರ ಗೆದ್ದಿತು.

ಪಾಠಪುಸ್ತಕ ಬರೆಯುವ ಮಹನೀಯರಿಗೆ ನಮ್ಮ ಬೇಡಿಕೆ ಸಣ್ಣದು. ಖುಫುವಿನ ಹೆಸರಿನ ಪಕ್ಕದಲ್ಲಿ ಮೆರೆರ್‌ನ ದೋಣಿಯನ್ನು ಬರೆಯಿರಿ. ಅಖೆನಾತನ್ನನ ಸೂರ್ಯನ ಕೆಳಗೆ ಬೆನ್ನು ಮುರಿದ ಮಕ್ಕಳನ್ನು ಬರೆಯಿರಿ. ಗುಡಿಯ ಚಿತ್ರ ಹಾಕುವಾಗ ಒಳಗೆ ಬರಬಾರದಿದ್ದ ಹಂದಿ ಕಾಯುವವನನ್ನು ಬರೆಯಿರಿ. ಮೂರನೇ ರಾಮ್ಸೆಸನ ಯುದ್ಧಗಳನ್ನು ಬರೆದಾದ ಮೇಲೆ, ಅವನ 29ನೇ ವರ್ಷದಲ್ಲಿ ಕಾಳು ಬಾಕಿ ಬಿತ್ತು, ಕಲ್ಲುಕುಟಿಗರು ಐದು ಗೋಡೆ ದಾಟಿ ಬಂದು ಕೇಳಿದರು ಅಂತ ಒಂದು ಸಾಲು ಸೇರಿಸಿ. ಕೇಳಿದವರಲ್ಲಿ ಒಬ್ಬನ ಹೆಸರು ಮೋಸೆ. ಅಪ್ಪನ ಹೆಸರು ಆನಖ್ತ್. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗಾದರೂ ಬರಲಿ.